ಕಾಲುಂಗುರ ಬಿಗಿಯಾದಾಗ

ಸೀಮಂತ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಮ್ಮ ಕಿರಿಮಗಳು ಛತ್ರದ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ನಿಂತಿದ್ದಳು. ಚಪ್ಪಲಿ ಕಳೆದುಹೋಗಿರಬೇಕು ಎಂದುಕೊಂಡು ನಾನು ಹತ್ತಿರ ಹೋದೆ. ಚಪ್ಪಲಿ ಎದುರಿಗೇ ಇತ್ತು. ಪಾದ ಮಾತ್ರ ಅದರೊಳಗೆ ಹೋಗುತ್ತಿರಲಿಲ್ಲ. ಬೆಳಗ್ಗೆ ಅದೇ ಚಪ್ಪಲಿ ಮೆಟ್ಟಿಕೊಂಡು ಬಂದವಳು, ಸಂಜೆ ಬರಿಗಾಲಲ್ಲೇ ಆಟೋ ಹತ್ತಿದಳು.

ತಪ್ಪು ನಮ್ಮದೇ. ಏಳು ತಿಂಗಳ ಬಸುರಿಯನ್ನು ರೇಷ್ಮೆ ಸೀರೆ ಉಡಿಸಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂರಿಸಿದ್ದೆವು. ಆರತಿ, ಬಳೆ, ಫೋಟೊ. ಅರ್ಧ ಫೋಟೊಗಳಿಗೆ ನಿಂತಿದ್ದಳು ಬೇರೆ.

ಮನೆಗೆ ಬಂದು ಅವಳು ಮಂಚದ ಮೇಲೆ ಕಾಲು ಚಾಚಿದಾಗ, ನಾಲ್ಕನೇ ಕ್ಲಾಸಿನಲ್ಲಿರುವ ನಮ್ಮ ಮೊಮ್ಮಗಳು ಚಿನ್ನಿ ಪಕ್ಕದಲ್ಲಿ ಕುಳಿತು ಅಮ್ಮನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಅಲ್ಲೊಂದು ಗುಳಿ ಹಾಗೆಯೇ ಉಳಿಯಿತು.

“ತಾತಾ, ಬೇಗ ಬಾ! ಅಮ್ಮನ ಕಾಲು ಹೋಳಿಗೆ ಕಣಕ ಆಗ್ಬಿಟ್ಟಿದೆ!”

ಎಲ್ಲರೂ ನಕ್ಕರು. ನನ್ನಾಕೆ, “ಬಸುರಿಗೆ ಕಾಲು ಬಾಯೋದು ಹೊಸದೇನಲ್ಲ ಬಿಡ್ರಿ. ನನಗೂ ಬಾತಿತ್ತು, ನಮ್ಮಮ್ಮನಿಗೂ ಬಾತಿತ್ತು” ಎಂದಳು. ಅವಳು ಹೇಳಿದ್ದು ನಿಜವೇ. ಆದರೂ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಮಾರನೆಯ ದಿನ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಬಿಪಿ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು, ಎರಡೂ ಕಾಲನ್ನು ಒತ್ತಿ ನೋಡಿದರು. “ಸದ್ಯಕ್ಕೆ ಭಯವಿಲ್ಲ. ಬಸುರಿಯರಲ್ಲಿ ತುಂಬಾ ಜನಕ್ಕೆ ಹೀಗಾಗುತ್ತೆ. ಆದರೆ ಯಾವ ಊತ ಸಹಜ, ಯಾವುದು ಅಲ್ಲ ಅನ್ನೋದು ಮನೆಯವರಿಗೆ ಗೊತ್ತಿರಬೇಕು” ಎಂದು ಹೇಳಿ, ನಮ್ಮನ್ನು ಕೂರಿಸಿಕೊಂಡು ಕಾಲು ಗಂಟೆ ವಿವರಿಸಿದರು. ಮನೆಗೆ ಬಂದು ನಾನೂ ಒಂದಿಷ್ಟು ಓದಿಕೊಂಡೆ. ಆ ಎರಡು ತಿಂಗಳಲ್ಲಿ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾಣಂತನ ಮಾಡುವ ಅಜ್ಜಿಯರು ಓದಲಿ, ಸುಮ್ಮನೆ ಪೇಪರ್ ಹಿಡಿದು ಕೂರುವ ನನ್ನಂಥ ಅಜ್ಜಂದಿರು ಓದಲಿ. ಮಕ್ಕಳು ಖಂಡಿತ ಓದಲಿ, ಅದಕ್ಕೂ ಕಾರಣವಿದೆ.

ಆ ನೀರು ಬಂದದ್ದೆಲ್ಲಿಂದ?

“ಅಮ್ಮ ಕುಡಿದ ನೀರೆಲ್ಲ ಕಾಲಿಗೆ ಇಳೀತಾ?” ಇದು ಚಿನ್ನಿಯ ಪ್ರಶ್ನೆ.

ಪೂರ್ತಿ ಹಾಗಲ್ಲ ಪುಟ್ಟಿ. ಹೊಟ್ಟೆಯಲ್ಲಿ ಪಾಪು ಬೆಳೆಯುವಾಗ ಅಮ್ಮನ ಮೈಯಲ್ಲಿ ರಕ್ತ ಹೆಚ್ಚಾಗುತ್ತದೆ. ಎಷ್ಟು ಅಂದರೆ, ಮೊದಲಿದ್ದುದರ ಹೆಚ್ಚುಕಡಿಮೆ ಅರ್ಧದಷ್ಟು. ಪಾಪುವಿಗೂ ಮಾಸಿಗೂ ಅದು ಬೇಕು. ಹೆರಿಗೆಯ ಹೊತ್ತಿನಲ್ಲಿ ಒಂದಷ್ಟು ರಕ್ತ ಹೋಗುತ್ತದಲ್ಲ, ಅದಕ್ಕೆ ಮುಂಚಿತವಾಗಿ ಮಾಡಿಟ್ಟ ಉಳಿತಾಯವೂ ಹೌದು. ರಕ್ತವಷ್ಟೇ ಅಲ್ಲ, ಒಟ್ಟು ಮೈಯಲ್ಲಿ ಆರರಿಂದ ಎಂಟು ಲೀಟರ್‌ನಷ್ಟು ನೀರು ಹೆಚ್ಚಾಗಿ ಸೇರಿಕೊಳ್ಳುತ್ತದೆ. ನಮ್ಮ ಬಾವಿಯ ಸಣ್ಣ ಬಿಂದಿಗೆ ತುಂಬ ನೀರು ಅನ್ನಿ.

ಆ ನೀರು ಕಾಲಿಗೇ ಏಕೆ ಇಳಿಯಬೇಕು? ಮೊದಲನೆಯದಾಗಿ, ನೀರು ಇಳಿಜಾರಿಗೇ ಹರಿಯುವುದು. ಎರಡನೆಯದಾಗಿ, ಕಾಲಿನಿಂದ ರಕ್ತವನ್ನು ಮೇಲಕ್ಕೆ ಹೃದಯಕ್ಕೆ ಒಯ್ಯುವ ಒಂದು ದೊಡ್ಡ ಅಭಿಧಮನಿ ಬೆನ್ನುಮೂಳೆಯ ಬಲಪಕ್ಕದಲ್ಲಿ ಹಾದುಹೋಗುತ್ತದೆ. ಗರ್ಭಕೋಶ ದೊಡ್ಡದಾದ ಹಾಗೆ ಅದರ ಮೇಲೆ ಭಾರ ಬೀಳುತ್ತದೆ. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ಕಾಲಿನಿಂದ ಮೆಟ್ಟಿದರೆ ಏನಾಗುತ್ತದೆ? ಮುಂದೆ ನೀರು ಕಡಿಮೆಯಾಗಿ ಹಿಂದೆ ಒತ್ತಡ ಹೆಚ್ಚುತ್ತದೆ. ಇಲ್ಲಿಯೂ ಅದೇ ಕಥೆ.

ಮೂರನೆಯದು ತುಂಬ ಸೊಗಸಾದ ಸಂಗತಿ. ಮಣ್ಣಿನ ಹೂಜಿಯಲ್ಲಿ ನೀರಿಟ್ಟರೆ ಹೊರಮೈ ಒದ್ದೆಯಾಗುವುದಿಲ್ಲವೇ? ನಮ್ಮ ಮೈಯೊಳಗಿನ ಅತಿ ಸಣ್ಣ ರಕ್ತನಾಳಗಳೂ ಹಾಗೆಯೇ ಸ್ವಲ್ಪ ಸ್ವಲ್ಪ ನೀರನ್ನು ಹೊರಗೆ ಬಿಡುತ್ತಲೇ ಇರುತ್ತವೆ. ರಕ್ತದಲ್ಲಿರುವ ಪ್ರೋಟೀನು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳಗಿನ ಒತ್ತಡ ನೀರನ್ನು ಹೊರಕ್ಕೆ ದೂಡುತ್ತದೆ, ಪ್ರೋಟೀನು ಒಳಕ್ಕೆ ಎಳೆಯುತ್ತದೆ. ಈ ಹಗ್ಗಜಗ್ಗಾಟವನ್ನು 1896ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ವಿಜ್ಞಾನಿ. ಬಸುರಿಯಲ್ಲಿ ರಕ್ತದ ನೀರು ಹೆಚ್ಚಾಗಿ ಪ್ರೋಟೀನು ತೆಳುವಾಗುತ್ತದೆ. ಕಾಲಿನಲ್ಲಿ ಒತ್ತಡವೂ ಹೆಚ್ಚಿರುತ್ತದೆ. ಹಗ್ಗಜಗ್ಗಾಟದಲ್ಲಿ ಹೊರಗಿನ ತಂಡ ಗೆದ್ದು, ನೀರು ಚರ್ಮದ ಕೆಳಗೆ ನಿಲ್ಲುತ್ತದೆ. ಚಿನ್ನಿ ಬೆರಳಿಟ್ಟು ಗುಳಿ ಮಾಡಿದ್ದು ಆ ನೀರನ್ನೇ ಪಕ್ಕಕ್ಕೆ ಸರಿಸಿ.

ಮನೆಯಲ್ಲಿ ಮಾಡಿದ ಉಪಾಯಗಳು

ಊತವನ್ನು ಮಾಯ ಮಾಡುವ ಔಷಧವಿಲ್ಲ. ಹೆರಿಗೆಯಾದ ಮೇಲೆ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಅವಳಿಗೆ ಹಿತವಾಗುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ.

ಮೊದಲು ಮಾಡಿದ್ದು ಕಾಲು ಇಳಿಬಿಟ್ಟು ಕೂರುವುದನ್ನು ನಿಲ್ಲಿಸಿದ್ದು. ಅವಳು ಕೂತಲ್ಲೆಲ್ಲ ಒಂದು ಸ್ಟೂಲು, ಅದರ ಮೇಲೊಂದು ದಿಂಬು. ಸ್ಟೂಲು ಎಳೆದು ತರುವ ಕೆಲಸ ಚಿನ್ನಿಗೆ. ದಿನಕ್ಕೆ ಮೂರು ನಾಲ್ಕು ಸಲ ಹದಿನೈದು ಇಪ್ಪತ್ತು ನಿಮಿಷ ಕಾಲು ಮೇಲಿಟ್ಟರೆ ಸಂಜೆಗೆ ವ್ಯತ್ಯಾಸ ಕಾಣುತ್ತಿತ್ತು.

ಎರಡನೆಯದು, ಎಡಮಗ್ಗುಲಲ್ಲಿ ಮಲಗುವುದು. ಆ ದೊಡ್ಡ ಅಭಿಧಮನಿ ಬಲಪಕ್ಕದಲ್ಲಿದೆ ಎಂದೆನಲ್ಲ, ಎಡಕ್ಕೆ ತಿರುಗಿದರೆ ಅದರ ಮೇಲಿನ ಭಾರ ಕಡಿಮೆಯಾಗುತ್ತದೆ. ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗುವುದು ಬೇಡ ಎಂದರು ಡಾಕ್ಟರಮ್ಮ. ಬೆನ್ನಿಗೊಂದು, ಮೊಣಕಾಲುಗಳ ನಡುವೆ ಒಂದು ದಿಂಬು ಕೊಟ್ಟೆವು. ನನ್ನ ದಿಂಬೂ ಹೋಯಿತು. ಎರಡು ತಿಂಗಳು ಮಡಿಸಿದ ಪಂಚೆಯೇ ನನಗೆ ದಿಂಬು.

ಮೂರನೆಯದು ಓಡಾಟ. ಊದಿದ ಕಾಲಿಗೆ ವಿಶ್ರಾಂತಿ ಬೇಕೆಂದು ಇಡೀ ದಿನ ಮಲಗಿಸುವುದೂ ತಪ್ಪು. ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ರಕ್ತವನ್ನು ಮೇಲಕ್ಕೆ ಹಿಂಡುತ್ತದೆ. ಅದನ್ನು ಎರಡನೆಯ ಹೃದಯ ಎಂದು ಕರೆಯುವುದು ಅದಕ್ಕೇ. ಬೆಳಗ್ಗೆ ಸಂಜೆ ತಂಪು ಹೊತ್ತಿನಲ್ಲಿ ನಿಧಾನವಾಗಿ ನಡೆಯುತ್ತಿದ್ದಳು. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಗುಂಡಗೆ ತಿರುಗಿಸುವುದು ಮಾಡುತ್ತಿದ್ದಳು. ಚಿನ್ನಿಯೂ ಜೊತೆಗೆ ಕೂತು ಎಣಿಸುತ್ತಿದ್ದಳು. ಮಗ್ಗಿ ಕಲಿಯಲು ಹಟ ಮಾಡುತ್ತಿದ್ದ ಹುಡುಗಿ, ಅಮ್ಮನ ಕಾಲಿನ ಲೆಕ್ಕದಲ್ಲಿ ಹನ್ನೆರಡರ ಮಗ್ಗಿ ಕಲಿತಳು.

ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂರುವುದು, ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವುದು ಎರಡೂ ಬೇಡ. ಸಂಜೆ ಒಂದು ಬೋಗುಣಿಯಲ್ಲಿ ತಣ್ಣನೆಯ ನೀರು ಹಾಕಿ ಹತ್ತು ನಿಮಿಷ ಪಾದ ಇಟ್ಟುಕೊಂಡರೆ ಅವಳಿಗೆ ಹಾಯೆನಿಸುತ್ತಿತ್ತು. ಬಿಗಿಯಾದ ಎಲಾಸ್ಟಿಕ್ಕಿನ ಕಾಲುಚೀಲ ಹಾಕಬಾರದು. ಊತ ತಡೆಯುವ ಬೇರೆಯೇ ಕಾಲುಚೀಲಗಳು ಬರುತ್ತವೆ. ಅವನ್ನು ಡಾಕ್ಟರನ್ನು ಕೇಳಿಯೇ ತರಬೇಕು, ಬೆಳಗ್ಗೆ ಕಾಲು ಊದುವ ಮೊದಲೇ ಹಾಕಿಕೊಳ್ಳಬೇಕು.

ಚಪ್ಪಲಿಯ ಸಮಸ್ಯೆ ನನ್ನ ಹವಾಯಿ ಚಪ್ಪಲಿಯಿಂದ ಬಗೆಹರಿಯಿತು ಎಂದುಕೊಂಡೆವು. ಬಚ್ಚಲ ಬಾಗಿಲಲ್ಲಿ ಅವಳು ಒಮ್ಮೆ ಜಾರಿ ಗೋಡೆ ಹಿಡಿದುಕೊಂಡ ಮೇಲೆ ಅದೇ ದಿನ ಪೇಟೆಗೆ ಹೋಗಿ, ಹಿಂದೆ ಪಟ್ಟಿಯಿರುವ, ಜಾರದ ತಳದ, ಒಂದು ಸೈಜು ದೊಡ್ಡ ಚಪ್ಪಲಿ ತಂದೆ. ಚಪ್ಪಲಿ ಕೊಳ್ಳುವುದು ಸಂಜೆಯೇ ಒಳ್ಳೆಯದು. ಕಾಲು ಆಗಲೇ ಹೆಚ್ಚು ಊದಿರುವುದು.

ಇನ್ನು ಊಟ. “ನೀರು ಕಡಿಮೆ ಕುಡಿ, ಕಾಲು ಇಳಿಯುತ್ತೆ” ಎಂದು ಸೀಮಂತಕ್ಕೆ ಬಂದಿದ್ದ ಒಬ್ಬ ಹಿರಿಯರು ಹೇಳಿದ್ದರು. ಇದು ತಪ್ಪು ತಿಳಿವಳಿಕೆ. ಬಸುರಿಗೆ ನೀರು ಬೇಕೇ ಬೇಕು. ಉಪ್ಪನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ, ಆದರೆ ಹೆಚ್ಚಾಗಬಾರದು. ದೊಡ್ಡವರಿಗೆ ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮನೆಗಳಲ್ಲಿ ಉಪ್ಪು ಸೇರುವುದು ಸಾರಿನಿಂದಷ್ಟೇ ಅಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿ ತಿನಿಸು. ಬಯಕೆಯ ಹುಡುಗಿಗೆ ಮಾವಿನ ಮಿಡಿ ಬೇಡ ಎನ್ನಲು ನನ್ನಾಕೆಗೆ ಮನಸ್ಸು ಬರಲಿಲ್ಲ. ದಿನಕ್ಕೊಂದು ಮಿಡಿ ಎಂದು ರಾಜಿಯಾಯಿತು. ಕಾಳು, ಬೇಳೆ, ಹಾಲು, ಮೊಸರು, ಸೊಪ್ಪು ಚೆನ್ನಾಗಿ ತಿನ್ನಬೇಕು. ಜೀರಿಗೆ ನೀರು, ಬಾರ್ಲಿ ನೀರು ಕುಡಿಯಲು ಹಿತ, ಕುಡಿಯಲಿ. ಅದರಿಂದಲೇ ಊತ ಹೋಗುತ್ತದೆಂದು ನಂಬಿ ಕೂರಬಾರದು. ಔಷಧಿ ಅಂಗಡಿಯಲ್ಲಿ ಕೇಳಿ ನೀರು ಇಳಿಸುವ ಮಾತ್ರೆ ತಂದು ನುಂಗುವುದಂತೂ ಖಂಡಿತ ಬೇಡ.

ಕಾಲುಂಗುರದ ಪಂಚಾಯ್ತಿ

ಎಂಟನೇ ತಿಂಗಳು ಬಿದ್ದ ಮೇಲೆ ಕಾಲುಂಗುರ ಬೆರಳನ್ನು ಕಚ್ಚಿ ಹಿಡಿಯಿತು. ಬೆರಳು ಎರಡು ಪಾಲಾದಂತೆ ಕಾಣುತ್ತಿತ್ತು. ನಾನು ತೆಗೆಯೋಣ ಎಂದೆ. ನನ್ನಾಕೆ ಒಪ್ಪಲಿಲ್ಲ. “ಮುತ್ತೈದೆ, ಅದರಲ್ಲೂ ತುಂಬಿದ ಬಸುರಿ. ಅವರತ್ತೆ ಏನಂದಾರು?” ಎಂದಳು.

ಮಗಳೇ ಅತ್ತೆಗೆ ಫೋನು ಮಾಡಿದಳು. ಅವರು ಒಂದೇ ಮಾತಿನಲ್ಲಿ ಮುಗಿಸಿದರು: “ಬೆರಳಿದ್ದರೆ ತಾನೇ ಉಂಗುರ? ತೆಗೆದು ದೇವರ ಮುಂದಿಡಮ್ಮ.”

ಕಾಲನ್ನು ಅರ್ಧ ಗಂಟೆ ಎತ್ತರದಲ್ಲಿಟ್ಟು, ತಣ್ಣೀರಲ್ಲಿ ಅದ್ದಿ, ಸೋಪು ಹಚ್ಚಿ ಮೆಲ್ಲಗೆ ತಿರುಗಿಸಿದೆವು. ಒಂದು ಬಂತು, ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಪರಿಚಯದ ಅಕ್ಕಸಾಲಿಯವರನ್ನು ಮನೆಗೆ ಕರೆದು ಕತ್ತರಿಸಿಸಿದ್ದಾಯಿತು. ಕತ್ತರಿಸಿದ ಬೆಳ್ಳಿಯನ್ನು ಅರಿಶಿನದ ದಾರದಲ್ಲಿ ಕಟ್ಟಿ ದೇವರ ಮನೆಯಲ್ಲಿಟ್ಟಳು ನನ್ನಾಕೆ. ಕೈಬೆರಳಿನ ಉಂಗುರವನ್ನೂ ಅವತ್ತೇ ತೆಗೆಸಿದೆವು. ಅಜ್ಜಿಯರಿಗೆ ನನ್ನ ಮನವಿ: ಏಳನೇ ತಿಂಗಳಲ್ಲಿ, ಸುಲಭವಾಗಿ ಬರುವಾಗಲೇ ಉಂಗುರಗಳನ್ನು ತೆಗೆದಿಡಿ. ಶಾಸ್ತ್ರ ಬೆರಳಿಗಿಂತ ದೊಡ್ಡದಲ್ಲ.

ಮಿಂಚುಹುಳ

ಈಗ ನನಗೆ ನಿದ್ದೆ ಬಾರದ ಕಾರಣ ಹೇಳುತ್ತೇನೆ.

1962ನೇ ಇಸವಿ. ನನಗೆ ಹನ್ನೊಂದು ವರ್ಷ. ಅರಸೀಕೆರೆಯ ಕಡೆ ನಮ್ಮ ಹಳ್ಳಿ. ನಮ್ಮಕ್ಕ ಚೊಚ್ಚಲು ಹೆರಿಗೆಗೆಂದು ಮನೆಗೆ ಬಂದಿದ್ದಳು. ಅವಳಿಗಿನ್ನೂ ಹತ್ತೊಂಬತ್ತು. ಅವಳ ಕಾಲೂ ಬಾತಿತ್ತು. ಸಂಜೆ ಹೊತ್ತು ನಾನು ಅವಳ ಪಾದ ಒತ್ತುತ್ತಿದ್ದೆ. ಚಿನ್ನಿಯ ಹಾಗೆ ಗುಳಿ ಮಾಡಿ ಆಟವಾಡುತ್ತಿದ್ದೆ. ಅಕ್ಕ ನಗುತ್ತಿದ್ದಳು.

ಎಂಟು ತಿಂಗಳು ತುಂಬಿದ ಮೇಲೆ ಅವಳ ಮುಖವೂ ದುಂಡಗಾಯಿತು. ಬೆಳಗ್ಗೆ ಎದ್ದಾಗ ಕಣ್ಣು ಅರ್ಧ ಮುಚ್ಚಿದಂತಿರುತ್ತಿತ್ತು. ನೆರೆಮನೆಯವರು, “ಮುಖದಲ್ಲಿ ಕಳೆ ಬಂದಿದೆ, ಹೆಣ್ಣೇ ಆಗುತ್ತೆ” ಎಂದರು. ಬಳೆಗಾರ ಬಂದಾಗ ಅವಳ ಮಾಮೂಲಿ ಅಳತೆಯ ಬಳೆ ಏರಲಿಲ್ಲ. ದೊಡ್ಡ ಅಳತೆಯದನ್ನು ಹುಡುಕಿ ತೊಡಿಸಿದ. ತಲೆನೋವು ಎನ್ನುತ್ತಿದ್ದಳು. ಅಮ್ಮ ನೆತ್ತಿಗೆ ಎಣ್ಣೆ ತಟ್ಟಿ ಮಲಗಿಸುತ್ತಿದ್ದಳು.

ಒಂದು ಸಂಜೆ ಅಕ್ಕ ನನಗೊಬ್ಬನಿಗೇ ಹೇಳಿದಳು: “ಪುಟ್ಟಾ, ಕಣ್ಣ ಮುಂದೆ ಮಿಂಚುಹುಳ ಹಾರಾಡ್ತವೆ ಕಣೋ.” ನಾನು ಅಂಗಳಕ್ಕೆ ಓಡಿಹೋಗಿ ಮಿಂಚುಹುಳ ಹುಡುಕಿದೆ. ಒಂದೂ ಸಿಗಲಿಲ್ಲ. ಅಕ್ಕನಿಗೆ ಮಾತ್ರ ಕಾಣುವ ಮಿಂಚುಹುಳ ಎಂದು ನನಗೆ ಆಶ್ಚರ್ಯವಾಯಿತೇ ಹೊರತು ಬೇರೇನೂ ಹೊಳೆಯಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಮಾರನೆಯ ರಾತ್ರಿ ಅಕ್ಕನಿಗೆ ಫಿಟ್ಸ್ ಬಂತು. ಗಾಳಿ ಸೋಕಿದೆ ಎಂದು ಒಬ್ಬರು, ದೃಷ್ಟಿ ಎಂದು ಒಬ್ಬರು. ಬೆಳಗಿನ ಜಾವ ಎತ್ತಿನ ಗಾಡಿ ಕಟ್ಟಿ ಪೇಟೆಯ ಆಸ್ಪತ್ರೆಗೆ ಹೊರಟರು. ಗಾಡಿ ಸಂಜೆ ವಾಪಸು ಬಂತು. ಅಕ್ಕನೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಇಪ್ಪತ್ತಾರು ವರ್ಷ ನಾನು ಆ ಮಿಂಚುಹುಳದ ಮಾತನ್ನು ಮರೆತೇ ಇದ್ದೆ. 1988ರಲ್ಲಿ ನನ್ನಾಕೆ ಈ ಕಿರಿಮಗಳ ಬಸಿರಿನಲ್ಲಿದ್ದಾಗ, ಪರೀಕ್ಷೆ ಮಾಡುತ್ತಿದ್ದ ಡಾಕ್ಟರು ಸಹಜವಾಗಿ ಕೇಳಿದರು: “ತಲೆನೋವು ಇದೆಯಾ? ಕಣ್ಣ ಮುಂದೆ ಮಿಂಚಿದ ಹಾಗೆ, ಚುಕ್ಕೆ ಹಾರಿದ ಹಾಗೆ ಆಗುತ್ತಾ?” ನನ್ನಾಕೆ ಇಲ್ಲ ಎಂದಳು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತುಬಿಟ್ಟೆ.

ಅಕ್ಕನಿಗೆ ಆದದ್ದಕ್ಕೆ ಎಕ್ಲಾಂಪ್ಸಿಯಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಪದದ ಮೂಲಾರ್ಥ ಫಳ್ಳನೆ ಹೊಳೆಯುವುದು ಎಂದು. ಅದು ಬರುವ ಮೊದಲಿನ ಸ್ಥಿತಿ ಪ್ರಿ-ಎಕ್ಲಾಂಪ್ಸಿಯಾ. ಸಾಮಾನ್ಯವಾಗಿ ಇಪ್ಪತ್ತು ವಾರಗಳ ನಂತರ ಬಸುರಿಯ ರಕ್ತದೊತ್ತಡ ಏರುತ್ತದೆ. ಅನೇಕರಲ್ಲಿ ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ. ಮೂತ್ರಪಿಂಡ, ಯಕೃತ್ತು, ಮಿದುಳು ಎಲ್ಲಕ್ಕೂ ತೊಂದರೆಯಾಗಬಹುದು. ಚೊಚ್ಚಲು ಬಸಿರಿನಲ್ಲಿ ಇದರ ಸಾಧ್ಯತೆ ಹೆಚ್ಚು. ಇದನ್ನು ಹಿಡಿಯಲು ಬೇಕಾದ, ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಸಾಧನವನ್ನು ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯರು ರೂಪಿಸಿದ್ದು 1896ರಲ್ಲಿ. ಸ್ಟಾರ್ಲಿಂಗ್ ಹಗ್ಗಜಗ್ಗಾಟವನ್ನು ವಿವರಿಸಿದ ವರ್ಷದಲ್ಲೇ. ಅರವತ್ತಾರು ವರ್ಷ ಕಳೆದರೂ ಅದು ನಮ್ಮ ಹಳ್ಳಿಯ ಒಬ್ಬ ಬಸುರಿಯ ತೋಳಿನವರೆಗೆ ಬಂದಿರಲಿಲ್ಲ.

ಯಾವ ಊತಕ್ಕೆ ಓಡಬೇಕು?

ಸಂಜೆ ಹೆಚ್ಚಾಗಿ, ರಾತ್ರಿ ಮಲಗಿ ಎದ್ದಾಗ ಇಳಿದಿರುವ, ಎರಡೂ ಕಾಲಿನಲ್ಲಿ ಹೆಚ್ಚುಕಡಿಮೆ ಸಮನಾಗಿರುವ, ನೋವಿಲ್ಲದ ಊತ ಸಾಮಾನ್ಯವಾಗಿ ತೊಂದರೆಯದಲ್ಲ. ಆದರೆ ಕೆಳಗಿನ ಯಾವುದಾದರೂ ಒಂದು ಕಂಡರೂ ನಾಳೆ ನೋಡೋಣ ಎನ್ನಬಾರದು:

ಮುಖ, ಕಣ್ಣಿನ ಸುತ್ತ, ಕೈಬೆರಳುಗಳಲ್ಲಿ ಊತ. ಅದರಲ್ಲೂ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಬಂದದ್ದು.

ಬಿಡದೆ ಕಾಡುವ ತಲೆನೋವು. ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚು ಅಥವಾ ಚುಕ್ಕೆ ಕಾಣುವುದು.

ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಸುಮ್ಮನಾಗುವುದು ಇಲ್ಲಿಯೇ.

ಒಂದೇ ಕಾಲು ಊದುವುದು, ಮೀನಖಂಡದಲ್ಲಿ ನೋವು, ಬಿಸಿ, ಕೆಂಪು. ಇದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಇಂಥ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಲೇಬಾರದು.

ಏದುಸಿರು, ಎದೆನೋವು, ಮೂತ್ರ ಕಡಿಮೆಯಾಗುವುದು, ಮಗುವಿನ ಒದೆತ ಕಡಿಮೆಯಾಗುವುದು.

ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಅವತ್ತೇ ಡಾಕ್ಟರಿಗೆ ತಿಳಿಸಬೇಕು. 160/110 ಮುಟ್ಟಿದರೆ ತಕ್ಷಣ ಆಸ್ಪತ್ರೆ.

ಇನ್ನೊಂದು ಮಾತು. ಊತವೇ ಇಲ್ಲದೆಯೂ ಬಿಪಿ ಏರಬಹುದು. ಆದ್ದರಿಂದ ಕಾಲು ಚೆನ್ನಾಗಿದೆ ಎಂದು ತಪಾಸಣೆ ತಪ್ಪಿಸಬಾರದು. ಈಗ ಅನುಕೂಲವೂ ಎಷ್ಟೊಂದಿದೆ. ಹಳ್ಳಿಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ತಾಯಿ ಕಾರ್ಡಿನಲ್ಲಿ ಪ್ರತಿ ಸಲದ ಬಿಪಿ, ತೂಕ ಬರೆಯುತ್ತಾರೆ. 2016ರಿಂದ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತಿದೆ. ಎತ್ತಿನ ಗಾಡಿಯ ಜಾಗದಲ್ಲಿ 108 ಇದೆ. ಫಿಟ್ಸ್ ತಡೆಯಲು ಮೆಗ್ನೀಷಿಯಂ ಸಲ್ಫೇಟ್ ಎಂಬ ಅಗ್ಗದ ಇಂಜೆಕ್ಷನ್ ಇದೆ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರು ಭಾಗವಹಿಸಿದ, 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಅದು ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಂತ ಕಡಿಮೆ ಮಾಡಿತು. ಅಕ್ಕನಿಗೆ ಇಲ್ಲದಿದ್ದುದೆಲ್ಲ ಇವತ್ತು ಇದೆ. ಹೊತ್ತಿಗೆ ಸರಿಯಾಗಿ ಹೋಗಬೇಕು, ಅಷ್ಟೆ.

ಒಂದು ಬೆಳಗಿನ ಓಟ

ನಾನು ಮನೆಗೊಂದು ಬಿಪಿ ಮಿಷನ್ ತಂದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ, ಸುಮ್ಮನಿರುತ್ತದೆಯೇ? ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಕು, ಹೊತ್ತು, ಬಿಪಿ, ಕಾಲು, ಕೈ, ಮುಖ ಎಂದು ಅಂಕಣ ಮಾಡಿದೆ. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಬೆನ್ನೊರಗಿ ಕೂರಬೇಕು, ಪಾದ ನೆಲದ ಮೇಲಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಮಾತಾಡಬಾರದು. ಈ ಕೊನೆಯದು ನಮ್ಮ ಮನೆಯಲ್ಲಿ ಬಹಳ ಕಷ್ಟವಾಯಿತು. ಚಿನ್ನಿ ಅಜ್ಜಿಯ ಹೊಲಿಗೆ ಟೇಪು ಹಿಡಿದು ಅಮ್ಮನ ಕಾಲಿನ ಗಂಟಿನ ಸುತ್ತಳತೆ ನೋಡುತ್ತಿದ್ದಳು. ಬೆಳಗ್ಗೆ 23 ಸೆಂಟಿಮೀಟರ್, ಸಂಜೆ 25. ಮದುವೆಗೆ ಹೋಗಿ ಬಂದ ದಿನ 26. ಕಾಲು ಮೇಲಿಟ್ಟು ಪುಸ್ತಕ ಓದಿದ ದಿನ ಇಪ್ಪತ್ತನಾಲ್ಕೇ. ಕಾಲು ಯಾಕೆ ಊದುತ್ತದೆ ಎಂಬುದಕ್ಕೆ ನಾನು ಕೊಟ್ಟ ಉಪನ್ಯಾಸಕ್ಕಿಂತ ಆ ಲೆಕ್ಕವೇ ಅವಳಿಗೆ ಚೆನ್ನಾಗಿ ಅರ್ಥವಾಯಿತು.

ಒಂಬತ್ತನೇ ತಿಂಗಳ ಮೊದಲ ವಾರ. ಒಂದು ಬೆಳಗ್ಗೆ ಆರು ಗಂಟೆಗೆ ಚಿನ್ನಿ ನನ್ನ ಪಂಚೆ ಎಳೆದು ಎಬ್ಬಿಸಿದಳು. “ತಾತಾ, ಅಮ್ಮನ ಮುಖ ಪೂರಿ ಥರ ಆಗಿದೆ. ತಲೆನೋವು ಅಂತಿದಾಳೆ.”

ನನ್ನ ಕೈ ನಡುಗಿತು. ಬಿಪಿ ನೋಡಿದರೆ ಮಿಷನ್ ಎರಡು ಸಲ ತಪ್ಪು ತೋರಿಸಿತು. ಪಟ್ಟಿ ಕಟ್ಟಲು ಬಾರದಷ್ಟು ಗಾಬರಿಯಾಗಿದ್ದೆ. “ನಡೀರಿ, ಆಸ್ಪತ್ರೆಗೆ ಹೋಗೋಣ” ಎಂದೆ. ನನ್ನಾಕೆ ಈ ಸಲ ವಾದ ಮಾಡಲಿಲ್ಲ. ಅವಳಿಗೆ ಅಕ್ಕನ ಕಥೆ ಗೊತ್ತು.

ಆಸ್ಪತ್ರೆಯಲ್ಲಿ ಬಿಪಿ 118/76. ಮೂತ್ರದಲ್ಲಿ ಪ್ರೋಟೀನು ಇರಲಿಲ್ಲ. ರಕ್ತ ಪರೀಕ್ಷೆಯೂ ಸರಿಯಿತ್ತು, ಮಗುವಿನ ಎದೆಬಡಿತವೂ ಸರಿಯಿತ್ತು. ಹಿಂದಿನ ರಾತ್ರಿ ಸೆಖೆಗೆ ನಿದ್ದೆಯಿಲ್ಲ, ಬೆಳಗಿನ ಜಾವ ಬಗ್ಗಿಕೊಂಡು ದಿಂಬಿನಲ್ಲಿ ಮುಖವಿಟ್ಟು ಮಲಗಿದ್ದಳಂತೆ. ಮಧ್ಯಾಹ್ನದ ಹೊತ್ತಿಗೆ ಪೂರಿ ಚಪಾತಿಯಾಯಿತು.

ನನಗೆ ನಾಚಿಕೆಯಾಯಿತು. “ಸುಮ್ಮನೆ ತೊಂದರೆ ಕೊಟ್ಟೆವು ಡಾಕ್ಟ್ರೇ” ಎಂದೆ. ಡಾಕ್ಟರಮ್ಮ ನನ್ನ ನೋಟ್‌ಬುಕ್ಕಿನ ಹಾಳೆ ತಿರುವುತ್ತಾ, “ಹತ್ತು ಸಲ ಹೀಗೆ ಸುಮ್ಮನೆ ಬನ್ನಿ ಯಜಮಾನ್ರೇ, ನನಗೆ ಬೇಜಾರಿಲ್ಲ. ಬರಬೇಕಾದಾಗ ಬರದೆ ಇರೋರದ್ದೇ ನಮಗೆ ಚಿಂತೆ” ಎಂದರು. ಆಮೇಲೆ ಚಿನ್ನಿಯ ಕಡೆ ತಿರುಗಿ, “ನೀನು ನೋಡಿ ತಾತನಿಗೆ ಹೇಳಿದೆಯಲ್ಲ, ಅದೇ ಸರಿಯಾದ ಕೆಲಸ” ಎಂದರು.

ಮಕ್ಕಳೇ, ನೀವು ಇದನ್ನು ಓದಬೇಕು ಎಂದದ್ದು ಇದಕ್ಕೇ. ಮನೆಯಲ್ಲಿ ದೊಡ್ಡವರಿಗೆ ನೂರೆಂಟು ಕೆಲಸ. ಅಮ್ಮನ, ಅಕ್ಕನ, ಅತ್ತಿಗೆಯ ಮುಖವನ್ನು ಹತ್ತಿರದಿಂದ ನೋಡುವವರು ನೀವು. ದೊಡ್ಡವರಿಗೆ ಹೇಳದ ಮಾತನ್ನು ಅವರು ನಿಮಗೆ ಹೇಳುತ್ತಾರೆ. ಅದು ಸಣ್ಣ ವಿಷಯ ಎನಿಸಿದರೂ ದೊಡ್ಡವರಿಗೆ ತಿಳಿಸಿ. ನಗುತ್ತಾರೆ ಎಂದು ಹೆದರಬೇಡಿ.

ಹೆರಿಗೆಯ ನಂತರ

ದಿನ ತುಂಬಿ ಹೆಣ್ಣು ಮಗು ಹುಟ್ಟಿತು. 2 ಕೆಜಿ 900 ಗ್ರಾಂ. ಊತ ಅವತ್ತೇ ಇಳಿಯುತ್ತದೆಂದು ನಾವು ಕಾದೆವು. ಮೊದಲ ಮೂರು ದಿನ ಕಾಲು ಇನ್ನಷ್ಟು ದಪ್ಪವಾಯಿತು! ಇದೂ ಆಗುವುದುಂಟಂತೆ. ಆಮೇಲೆ ಬೆವರು, ಮೂತ್ರದಲ್ಲಿ ಹೋಗುತ್ತಾ ಎರಡು ವಾರದಲ್ಲಿ ಪಾದ ಮೊದಲಿನಂತಾಯಿತು. ಬಾಣಂತಿಗೆ ನೀರು ಕೊಡಬಾರದು ಎಂಬ ಹಳೆಯ ಕಟ್ಟಳೆಯನ್ನು ನನ್ನಾಕೆ ತಾನಾಗಿಯೇ ಮುರಿದಳು. ಹಾಲೂಡಿಸುವ ತಾಯಿಗೆ ಬಾಯಾರಿಕೆಯಾದಾಗಲೆಲ್ಲ ನೀರು ಬೇಕು.

ಹೆರಿಗೆಯಾಯಿತೆಂದು ನನ್ನ ಲೆಡ್ಜರ್ ಮುಚ್ಚಲಿಲ್ಲ. ಈ ಬಿಪಿ ತೊಂದರೆ ಹೆರಿಗೆಯ ನಂತರವೂ ಆರು ವಾರದವರೆಗೆ ಬರಬಹುದು. ಬಾಣಂತಿಗೆ ತಲೆನೋವು ಬಂದರೆ ಶೀತ ಎಂದು ಕಿವಿಗೆ ಬಟ್ಟೆ ಕಟ್ಟಿ ಬಿಡದೆ, ಒಮ್ಮೆ ಬಿಪಿ ನೋಡಿಸಿ. ನಲವತ್ತೆರಡನೇ ದಿನ ಕೊನೆಯ ಅಂಕಿ ಬರೆದು ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದೆ. ಚಿನ್ನಿಯೂ ಪಕ್ಕದಲ್ಲಿ ಸಹಿ ಹಾಕಿದಳು.

ದೇವರ ಮನೆಯಲ್ಲಿದ್ದ ಕತ್ತರಿಸಿದ ಕಾಲುಂಗುರಕ್ಕೆ ಇನ್ನಷ್ಟು ಬೆಳ್ಳಿ ಸೇರಿಸಿ ಅದೇ ಅಕ್ಕಸಾಲಿಯವರು ಪಾಪುವಿಗೆ ಒಂದು ಜೊತೆ ಗೆಜ್ಜೆ ಮಾಡಿಕೊಟ್ಟರು. ನಾಮಕರಣದ ದಿನ ಹೆಸರಿಡುವ ಹೊತ್ತಿಗೆ ಮಗಳು ನನ್ನನ್ನು ಕೇಳಿದಳು, “ಅಪ್ಪಾ, ಅತ್ತೆಯ ಹೆಸರು ಇಡಲಾ?” ನಾನು ತಲೆಯಾಡಿಸಿದೆ. ಅರವತ್ತು ವರ್ಷಗಳ ಮೇಲೆ ನಮ್ಮ ಮನೆಯಲ್ಲಿ ಮತ್ತೆ ಅಕ್ಕನ ಹೆಸರು ಹಿಡಿದು ಕರೆಯುತ್ತಿದ್ದೇವೆ. ಕರೆದಾಗಲೆಲ್ಲ ಅದು ಕಾಲು ಬಡಿಯುತ್ತದೆ, ಗೆಜ್ಜೆ ಸದ್ದಾಗುತ್ತದೆ.